ಸವೆದ ಹಲ್ಲು ಕೂಡಿಸಿದ ಜೋಡಿಗಳು

ಅಕ್ಕಾ,

ಕೆಮ್ಮು ಇಳಿದಿದೆ, ಸಿಟ್ಟು ಇಳಿದಿಲ್ಲ. ಈ ವೀಕ್ಷಣಾಲಯದ ಜನ ಹಗಲಿಗೆ ಕಪ್ಪು ಪರದೆ ಎಳೆದು ಮಲಗುತ್ತಾರೆ. ಎದ್ದ ಮೇಲೂ ಸರಿಸುವುದಿಲ್ಲ.

ಉರಿದು ಮುಗಿದ ಎರಡು ಶ್ವೇತಕುಬ್ಜ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಕೊನೆಗೆ ಕೂಡಿಕೊಂಡರೆ ಸೂಪರ್‌ನೋವಾ ಆಗಿ ಸಿಡಿಯಬಹುದು. ಅಂಥ ಜೋಡಿ ಹುಡುಕುವುದೇ ನಮ್ಮ ಕೆಲಸ. ಮೊನ್ನೆ ಒಂದು ನಕ್ಷತ್ರ ತಾಳ ಹಾಕಿದಂತೆ ಮತ್ತೆ ಮತ್ತೆ ಮಂಕಾಯಿತು. ಅಲ್ಲಿರುವುದು ಎರಡು, ಒಂದಕ್ಕೊಂದು ಅಡ್ಡ ಬರುತ್ತಿವೆ, ಜೋಡಿ ಸಿಕ್ಕಿತು ಎಂದು ನಮ್ಮ ಮುಖ್ಯಸ್ಥ ಮಹಾಶಯರು ಪತ್ರಿಕೆಯವರಿಗೆ ಹೇಳಿಕಳಿಸಿಯೇಬಿಟ್ಟರು.

“ಸರ್, ಪಕ್ಕದ ನಕ್ಷತ್ರಾನೂ ಅದೇ ಹೊತ್ತಿಗೆ ಮಂಕಾಗ್ತಿದೆ,” ಎಂದೆ.

“ಹಾಗಾದ್ರೆ ಅದೂ ಜೋಡಿನೇ ಕಣಮ್ಮ!”

ಬೆಳಗಾಗುವಷ್ಟರಲ್ಲಿ ಐದು ಜೋಡಿ. ಮದುವೆ ದಲ್ಲಾಳಿಗೂ ಇಷ್ಟು ಹುರುಪಿರುವುದಿಲ್ಲ.

ನನಗೆ ತಡೆಯಲಾಗಲಿಲ್ಲ. ದೂರದರ್ಶಕವನ್ನು ತಿರುಗಿಸುವ ಹಲ್ಲುಚಕ್ರ ಬಿಚ್ಚಿ ನೋಡಿದೆ. ಒಂದು ಹಲ್ಲು ಸವೆದಿತ್ತು. ಅದರ ಸರದಿ ಬಂದಾಗಲೆಲ್ಲ ದೂರದರ್ಶಕ ಜರುಗಿ ನಕ್ಷತ್ರಗಳೆಲ್ಲ ಒಟ್ಟಿಗೆ ಮಂಕಾಗುತ್ತಿದ್ದವು. ಯಾರಿಗೂ ಹೇಳದೆ ಹೊಸ ಚಕ್ರ ಹಾಕಿದೆ. ಆ ರಾತ್ರಿ ಪತ್ರಿಕೆಯವರು ಬಂದು ಸಾಲಾಗಿ ನಿಂತು ನೋಡಿದರು. ಐದರಲ್ಲಿ ಒಂದು ಜೋಡಿಯೂ ಉಳಿದಿರಲಿಲ್ಲ. ಸಿಡಿದವರು ಮುಖ್ಯಸ್ಥರೊಬ್ಬರೇ.

ಕಾಗದದಲ್ಲಿ ಜಾಗ ಮುಗಿಯಿತು. ಮನೆಗೆ ಬರುತ್ತಿದ್ದೇನೆ, ನನ್ನ ಹಾಸಿಗೆ ಬಿಸಿಲಿಗೆ ಹಾಕಿಡು.

ನಿನ್ನ ತಂಗಿ