ನಿಮಿಷಕ್ಕೆ ಮೂವತ್ತು ಗುಳ್ಳೆ

ಇವಳೇ,

ನಿನ್ನ ಸೊಂಟದ ಆಪರೇಷನ್ನಿಗೆ ಬರಲಾಗಲಿಲ್ಲ. ಬೀಳುವಾಗ ನೀನು, ಹವಳಗಳಿಗೆ ಸುಣ್ಣ ಕರಗಿಸಿ ಕೊಡುವ ಆ ಕ್ಯಾಲ್ಸಿಯಂ ರಿಯಾಕ್ಟರಿನ ಗ್ಯಾಸ್ ವಾಲ್ವನ್ನೇ ಹಿಡಿದುಕೊಂಡೆಯಲ್ಲ, ಅದು ಪೂರ್ತಿ ತೆರೆದು ಅಕ್ವೇರಿಯಂ ನೀರು ಹುಳಿಯಾಯಿತು. ಎರಡು ಹವಳ ಸತ್ತವು. ಹಿಡಿಯಲು ನಿನಗೆ ಗೋಡೆ ಸಿಗಲಿಲ್ಲವೇ?

"ಅಮ್ಮ ನಿಮ್ಮನ್ನೇ ಕೇಳ್ತಿದಾಳೆ, ಒಂದ್ಸಲ ಬಂದ್ ಹೋಗಿ ಅಪ್ಪಾ" ಎಂದು ಮಗಳು ಫೋನಿನಲ್ಲಿ ಗೋಳಾಡಿದಳು. ನಾನು ಬಂದರೆ, ರಿಯಾಕ್ಟರಿಗೆ ಹೋಗುವ ಗ್ಯಾಸ್ ಹೆಚ್ಚುಕಡಿಮೆಯಾಗದಂತೆ ನಿಮಿಷಕ್ಕೆ ಮೂವತ್ತು ಗುಳ್ಳೆ ಎಣಿಸುವವರು ಯಾರು? ಇಷ್ಟು ವರ್ಷ ನೀನೇ ಎಣಿಸುತ್ತಿದ್ದೆ. ಕೂತು ಮಾಡುವ ಕೆಲಸ ತಾನೇ, ಬೇಗ ಬಾ.

ಸತ್ತ ಹವಳಗಳನ್ನು ಒಣಗಿಸಿ, ಒಡೆದು ರಿಯಾಕ್ಟರಿಗೇ ಹಾಕಿದ್ದೇನೆ. ಅವು ಕರಗಿ ಬದುಕಿರುವ ಹವಳಗಳಿಗೆ ಆಹಾರವಾಗುತ್ತವೆ.

ನಿನ್ನ ಮೂಳೆಯಲ್ಲಿ ಕ್ಯಾಲ್ಸಿಯಂ ಏನೂ ಉಳಿದಿಲ್ಲ ಎಂದರಂತೆ ಡಾಕ್ಟರು. ತೊಟ್ಟಿಯಲ್ಲಿ ಬೇಕಾದಷ್ಟಿದೆ, ಬೆಳಿಗ್ಗೆಯೇ ಪರೀಕ್ಷಿಸಿದೆ. ಚಿಂತೆ ಮಾಡಬೇಡ.

ಇಂತಿ,
ನಿನ್ನ ಮನೆಯವರು