ಹಿಟ್ಟಿನ ಗಿರಣಿಯನ್ನು ಶಸ್ತ್ರಾಗಾರ ಮಾಡಿದವನ ಅರಿಕೆ

ಸೇನೆಯ ಮಾಧ್ಯಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಬರೆದ ಸುಳ್ಳನ್ನು ತಾವು ಒಂದೇ ಗಂಟೆಯಲ್ಲಿ ಮಂಜೂರು ಮಾಡಿದಿರಿ. ಅದಕ್ಕೆ ನಾನೇ ಕಳುಹಿಸಿದ ಎರಡು ಸಾಲಿನ ತಿದ್ದುಪಡಿ ಮಾತ್ರ ಹನ್ನೊಂದು ವಾರಗಳಿಂದ ತಮ್ಮ ಮೇಜಿನ ಮೇಲೆ 'ಪರಿಶೀಲನೆಯಲ್ಲಿದೆ'. ವಾರಕ್ಕೊಂದು ಪದ ಓದಿದ್ದರೂ ಇಷ್ಟರಲ್ಲಿ ಮುಗಿಯಬೇಕಿತ್ತು. ತಮ್ಮ ಮೊಹರಿಲ್ಲದೆ ನನ್ನ ಪತ್ರಿಕೆ ಅದನ್ನು ಅಚ್ಚು ಹಾಕುವುದಿಲ್ಲ. ಅದಕ್ಕೇ ಈ ಪತ್ರ ಬೇರೊಂದು ಪತ್ರಿಕೆಯಲ್ಲಿ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ನನ್ನದು ನನಗೆ ಕಂಡಿದೆ. ಮೊದಲು ಅದರ ವರದಿ. ಪಡೆಯ ಜೊತೆ ಹೊರಟಾಗ ತಾವು ಕೊಟ್ಟ ಗುಂಡುನಿರೋಧಕ ಕವಚ ನನ್ನ ಹೊಟ್ಟೆಯ ಮೇಲೆ ಕೂರಲೊಲ್ಲದೆ ಕೊರಳಿಗೇರುತ್ತಿತ್ತು. ದಿನಾ ಬೆಳಿಗ್ಗೆ ಹವಾಲ್ದಾರರೊಬ್ಬರು ಅದರ ಪಟ್ಟಿ ಬಿಗಿದು ಕಟ್ಟುತ್ತಿದ್ದರು. ಮೂರನೇ ದಿನ ಷೆಲ್ ಬಿದ್ದಾಗ ನನ್ನನ್ನು ಹಳ್ಳಕ್ಕೆಳೆದು ಮೇಲೆ ಅಡ್ಡ ಮಲಗಿದವರೂ ಅವರೇ. ಅಂದಿನಿಂದ ನನ್ನ ವರದಿಯಲ್ಲಿ 'ಸೇನೆ ಮುನ್ನಡೆಯಿತು' ಹೋಗಿ 'ನಾವು ಮುನ್ನಡೆದೆವು' ಬಂತು. ನಾನು ಮುನ್ನಡೆದದ್ದು ವಾಹನದ ಹಿಂದಿನ ಸೀಟಿನಲ್ಲಿ, ಬಿಸ್ಕತ್ತು ತಿನ್ನುತ್ತ.

ಐದನೇ ದಿನ ಮಧ್ಯಾಹ್ನ, ಗಡಿಯ ಹತ್ತಿರದ ನಮ್ಮದೇ ಪೇಟೆಯೊಂದರ ಅಂಚಿನಲ್ಲಿ, ಕಟ್ಟಡವೊಂದನ್ನು ಫಿರಂಗಿಯಿಂದ ಉರುಳಿಸಿದರು. ಶತ್ರುವಿನ ಶಸ್ತ್ರಾಗಾರ ಎಂದರು ಕ್ಯಾಪ್ಟನ್. ಇಳಿದು ನೋಡಿ ಬರಲೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ಕೇಳಿದರೆ ಎಲ್ಲಿ ಹೂಂ ಎಂದುಬಿಡುತ್ತಾರೋ ಎಂಬ ಭಯ. ಗಾಳಿಯಲ್ಲಿ ಬಂದದ್ದು ಸೀದ ಗೋಧಿಯ ವಾಸನೆ. ಮೂಗು ಸರಿಯಾಗಿಯೇ ವರದಿ ಮಾಡಿತ್ತು. ಕೈ 'ಮದ್ದಿನ ಘಾಟು' ಎಂದು ಬರೆಯಿತು. ಸಂಪಾದಕರು ಬೆನ್ನು ತಟ್ಟಿದರು.

ಮೂರು ವಾರದ ಮೇಲೆ ನಮ್ಮ ಕಚೇರಿಗೆ ಒಬ್ಬ ಹೆಂಗಸು ಬಂದರು. ಬಟ್ಟೆ ಹೊಲಿಯುವವರು, ನನ್ನ ವರದಿಯನ್ನು ಅಂಚು ಕೆಡದಂತೆ ಕತ್ತರಿಸಿ ತಂದಿದ್ದರು. ಆ ಕಟ್ಟಡ ಅವರ ತಮ್ಮನ ಹಿಟ್ಟಿನ ಗಿರಣಿಯಂತೆ. ಅವನು ಒಳಗೇ ಸತ್ತಿದ್ದ. ವರದಿ ಓದಿದ ನೆರೆಯವರು, ಶತ್ರುವಿಗೆ ಮದ್ದು ಬಚ್ಚಿಟ್ಟವನೆಂದು ಹೆಣಕ್ಕೆ ಹೆಗಲು ಕೊಡಲಿಲ್ಲ. ಶಾಲೆಯಲ್ಲಿ ಅವನ ಮಗಳ ಬೆಂಚಿನಲ್ಲಿ ಯಾರೂ ಕೂರುತ್ತಿಲ್ಲ. ಇಷ್ಟನ್ನೂ ಅವರು ದನಿಯೇರಿಸದೆ ಹೇಳಿದರು. ಆಮೇಲೆ ಕೇಳಿದರು:

"ನೀವು ಅಲ್ಲಿದ್ರಾ?"

"ಇದ್ದೆ ಅಕ್ಕ."

"ನೋಡಿದ್ರಾ?"

ಇಪ್ಪತ್ತೆರಡು ವರ್ಷ ಊರವರನ್ನೆಲ್ಲ ಪ್ರಶ್ನಿಸಿ ಹೊಟ್ಟೆ ಹೊರೆದವನು ನಾನು. ಇಷ್ಟು ಚಿಕ್ಕ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಇಲ್ಲ ಎಂದೆ.

"ಹಾಗಾದ್ರೆ ಅದನ್ನೇ ಬರೀರಿ. ನೋಡ್ಲಿಲ್ಲ ಅಂತ."

ಮರುದಿನ ಅವರ ಜೊತೆ ಹೋಗಿ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಗಿರಣಿಯ ಕಲ್ಲು ಎರಡು ಹೋಳಾಗಿತ್ತು. ಮುರಿದ ಗೋಡೆಗಳಿಗೆಲ್ಲ ಹಿಟ್ಟು ಮೆತ್ತಿತ್ತು. ಇಡೀ ದಿನ ಹುಡುಕಿದರೂ ಒಂದು ತೋಟಾ ಸಿಗಲಿಲ್ಲ. ಅಂದು ರಾತ್ರಿಯೇ ತಮಗೆ ಆ ಎರಡು ಸಾಲು ಕಳುಹಿಸಿದೆ: 'ಆ ಕಟ್ಟಡವನ್ನು ನಾನು ನೋಡಿರಲಿಲ್ಲ. ಅದು ಹಿಟ್ಟಿನ ಗಿರಣಿ, ಶಸ್ತ್ರಾಗಾರವಲ್ಲ.'

ಪಡೆಯ ಠಾವು, ದಾರಿ, ಹೊರಡುವ ಹೊತ್ತು ಗುಟ್ಟಾಗಿರಬೇಕು. ಆ ಕರಾರಿಗೆ ಸಹಿ ಹಾಕಿದ್ದೇನೆ, ಇಂದಿಗೂ ಮುರಿದಿಲ್ಲ. ಆದರೆ ಸತ್ತ ಗಿರಣಿಯವನ ಮುಖಕ್ಕೆ ಬಳಿದ ಮಸಿ ಯಾವ ಸೇನಾ ರಹಸ್ಯ? ಹವಾಲ್ದಾರರ ಋಣ ನನ್ನ ಮೇಲಿದೆ, ನಿಜ. ಅದನ್ನು ಇನ್ನೊಬ್ಬರ ತಮ್ಮನ ಮಾನದಿಂದ ತೀರಿಸುವುದು ಯಾವ ನ್ಯಾಯ? ಉಪ್ಪು ತಿಂದವರು ನೀರು ಕುಡಿಯಬೇಕಲ್ಲವೇ ಸ್ವಾಮಿ. ಇಲ್ಲಿ ಉಪ್ಪು ತಿಂದವನು ನಾನು, ಬಾಯಾರಿರುವುದು ಆ ಮಗು.

ನಿನ್ನೆ ಆ ಎರಡು ಸಾಲುಗಳನ್ನು ಕೈಯಾರೆ ಬರೆದು ಶಾಲೆಯ ಗೇಟಿಗೆ ಅಂಟಿಸಿ ಬಂದೆ. ಅಕ್ಕ ಓದಿ, "ಇಷ್ಟು ಬರಿಯೋಕೆ ಇಷ್ಟು ದಿನ ಬೇಕಾಯ್ತಾ?" ಎಂದರು. ಗೋಂದು ಮೆತ್ತಿದ ಕೈ ಒರೆಸಿಕೊಳ್ಳುತ್ತ ನಿಂತೆ.

ನನ್ನ ಬೇಡಿಕೆ ಒಂದೇ. ಅದು ಗಿರಣಿ, ಸತ್ತವನು ಗಿರಣಿಯವನು ಎಂದು ತಮ್ಮ ಕಚೇರಿಯ ಕಾಗದದಲ್ಲಿ, ತಮ್ಮ ಸಹಿ ಹಾಕಿ ಅವನ ಮಗಳಿಗೆ ಬರೆದುಕೊಡಿ. ಬರೀ ನನ್ನ ಮಾತನ್ನು ಆ ಪೇಟೆಯವರು ಇನ್ನು ನಂಬುವುದಿಲ್ಲ, ನಂಬಲೂಬಾರದು.

ಇಂತಿ,
ತಮ್ಮ ಅನುಮತಿ ಕೇಳದೆ ಪತ್ರಿಕೆಗೆ ಇದೇ ಮೊದಲ ಸಲ,
ಬಹುಶಃ ಇದೇ ಕೊನೆಯ ಸಲ ಬರೆಯುತ್ತಿರುವ
ಒಬ್ಬ ಯುದ್ಧ ವರದಿಗಾರ