ಹೆಸರು ದೊಡ್ಡದಾಯಿತು, ಚುಕ್ಕೆ ಮೂಡಲಿಲ್ಲ

ವಿದ್ಯಾ ಇಲಾಖೆಯ ತಂತ್ರಾಂಶ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಅಂಧ ಮಕ್ಕಳ ಶಾಲೆಯ ಬ್ರೈಲ್ ಮುದ್ರಣಯಂತ್ರ ಸೋಮವಾರ ಒಂದು ಚುಕ್ಕೆಯನ್ನೂ ಒತ್ತಲಿಲ್ಲ. ಇದನ್ನು ತಿಳಿಸಿದವಳು ಅಲ್ಲಿ ಗಣಿತ ಕಲಿಸುವ ನನ್ನ ಅಕ್ಕ. "ನಿನ್ನ ಮಾಡ್ಯೂಲಿಗೆ ಹೊಸ ಹೆಸರು ಇಟ್ಟಿದ್ದಾರಂತೆ. ಕರೆದ್ರೆ ಓಗೊಡಲ್ಲ ಕಣೋ!" ಎಂದಳು.

ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆ ಮಾಡ್ಯೂಲನ್ನು, ಅಂದರೆ ಪುಟ್ಟ ತಂತ್ರಾಂಶವನ್ನು, ಬರೆದವನು ನಾನು. ಪ್ರಶ್ನೆಪತ್ರಿಕೆಯ ಅಕ್ಷರ, ಅಂಕಿಗಳನ್ನು ಬ್ರೈಲ್ ಚುಕ್ಕೆಗಳಾಗಿಸುವುದಷ್ಟೇ ಅದರ ಕೆಲಸ. ಯಾರು ಬೇಕಾದರೂ ಬಳಸಲೆಂದು 'ಬ್ರೈಲ್::ಪುಟ' ಎಂಬ ಹೆಸರಿನಲ್ಲಿ ಸಾರ್ವಜನಿಕವಾಗಿ ಹಂಚಿದ್ದೆ. ಹುಡುಕುವವರಿಗೆ ಸಿಗಬೇಕು, ಓದಿದೊಡನೆ ಕೆಲಸ ತಿಳಿಯಬೇಕು ಎಂಬುದು ನನ್ನ ಅಲ್ಪಬುದ್ಧಿ. ಅದನ್ನು ಶಾಲೆಗಳಿಗೆಂದು ತೆಗೆದುಕೊಂಡ ತಮ್ಮ ಸಮಿತಿಗೆ ಆ ಹೆಸರಿನಲ್ಲಿ ಗಾಂಭೀರ್ಯ ಕಾಣಲಿಲ್ಲ. ಸಭೆಯ ಮೇಲೆ ಸಭೆ ನಡೆಸಿ 'ಇಲಾಖೆ::ಸಮಗ್ರ::ಸ್ಪರ್ಶಾಧಾರಿತ::ಲಿಪಿ::ಪರಿವರ್ತನಾ::ವ್ಯವಸ್ಥೆ' ಎಂದು ಮಾಡಿದಿರಿ. ಆದರೆ ಬದಲಾದದ್ದು ಫೈಲಿನ ಹೆಸರು ಮಾತ್ರ. ಒಳಗೆ ಮೊದಲ ಸಾಲಿನಲ್ಲಿ ಮಾಡ್ಯೂಲು ಈಗಲೂ ತನ್ನನ್ನು 'ಬ್ರೈಲ್::ಪುಟ' ಎಂದೇ ಕರೆದುಕೊಳ್ಳುತ್ತಿದೆ. ಹೊಸ ಹೆಸರಿನಿಂದ ಕರೆದರೆ, ಅಂಥವರು ಇಲ್ಲಿಲ್ಲವೆಂದು ಪರ್ಲ್ ಕೈಚೆಲ್ಲುತ್ತದೆ. ಬಾಗಿಲ ಫಲಕ ಬದಲಿಸಿದ ಮಾತ್ರಕ್ಕೆ ಒಳಗಿರುವವರೂ ಬದಲಾದರೆಂದು ನಂಬಲು ಅದೇನು ಸರ್ಕಾರಿ ಕಚೇರಿಯೇ?

ಇಂಥ ತಪ್ಪನ್ನು ಆರಂಭದಲ್ಲೇ ಹಿಡಿಯಲೆಂದು, ಮಾಡ್ಯೂಲನ್ನು ಕಟ್ಟಿ ಹಂಚಿದ ಪ್ಯಾಕೇಜಿನೊಳಗೆ ತಪಾಸಣೆ ಫೈಲುಗಳನ್ನು ಇಟ್ಟಿದ್ದೆ. ಅವು ಮಾಯವಾಗಿವೆ. ಫೋನ್ ಮಾಡಿದಾಗ ತಮ್ಮ ಮೇಲ್ವಿಚಾರಕರು, "ತಪ್ಪು ಹುಡುಕೋ ಫೈಲುಗಳನ್ನ ನಾವೇ ಊರಿಗೆಲ್ಲ ಹಂಚೋದಾ ಸ್ವಾಮಿ? ಮರ್ಯಾದೆ ಪ್ರಶ್ನೆ" ಎಂದರು.

"ಮಾಡ್ಯೂಲು ಓಡ್ತಿಲ್ಲವಲ್ಲ ಸಾರ್?"

"ಹೆಸರಿಗೆ ಅನುಮೋದನೆ ಸಿಕ್ಕಿದೆಯಲ್ರೀ. ಓಡೋದು ಮುಂದಿನ ಹಂತ."

ಹಳೆಯದನ್ನೇ ಹಾಕಿಕೊಳ್ಳಲಿ ಎನ್ನುವಿರಾ? ಶಾಲೆಯ ಕಂಪ್ಯೂಟರು ಇಲಾಖೆಯ ತಂತ್ರಾಂಶ ಭಂಡಾರದಿಂದಲ್ಲದೆ ಬೇರೆಲ್ಲಿಂದಲೂ ಏನನ್ನೂ ಇಳಿಸಿಕೊಳ್ಳದಂತೆ ಬೀಗ ಜಡಿದವರೂ ತಾವೇ, ಆ ಭಂಡಾರದಿಂದ ಹಳೆಯದನ್ನು ತೆಗೆದುಹಾಕಿದವರೂ ತಾವೇ.

ಪ್ರಶ್ನೆಗಳನ್ನು ಯಾರಾದರೂ ಓದಿ ಹೇಳಲಿ ಎಂಬ ಸಲಹೆಯೂ ತಮ್ಮ ಕಚೇರಿಯಿಂದ ಬಂದಿದೆ. ಅದನ್ನು ಕೇಳಿ ಅಕ್ಕನ ತರಗತಿಯ ಹುಡುಗಿಯೊಬ್ಬಳು, "ಭಿನ್ನರಾಶಿ ಕಿವೀಲಿ ನಿಲ್ಲಲ್ಲ ಮಿಸ್. ಮೇಲೆ ಯಾವುದು, ಕೆಳಗೆ ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು. ಆ ಸಾಹೇಬ್ರು ಕಣ್ಮುಚ್ಕೊಂಡು ಒಂದು ಲೆಕ್ಕ ಮಾಡ್ಲಿ, ನೋಡೋಣ" ಎಂದಳಂತೆ. ವರ್ಷವಿಡೀ ಓದಿದವಳು ಅವಳು. ಫೇಲಾದರೆ ಆ ಫಲಿತಾಂಶಕ್ಕೂ ಗಂಭೀರವಾದ ಹೆಸರೊಂದನ್ನು ಹುಡುಕುವಿರಾ?

ಆ ದೊಡ್ಡ ಹೆಸರಿಗೆ ಚೌಕಟ್ಟು ಹಾಕಿಸಿ ತಮ್ಮ ಕೊಠಡಿಯ ಗೋಡೆಗೆ ತೂಗುಹಾಕಿಕೊಳ್ಳಿ. ಭಂಡಾರಕ್ಕೆ ಮಾತ್ರ ನನ್ನ ಪ್ಯಾಕೇಜನ್ನು ಅದರದೇ ಹೆಸರಿನಲ್ಲಿ, ತಪಾಸಣೆ ಫೈಲುಗಳ ಸಮೇತ, ಇಂದೇ ಮರಳಿ ಹಾಕಿಸಿ. ಬುಧವಾರ ಮಧ್ಯಾಹ್ನ ಪ್ರಶ್ನೆಪತ್ರಿಕೆಗಳ ಮುದ್ರಣ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಗಣಿತ ಪರೀಕ್ಷೆ.

ಇಂತಿ,
ತಮ್ಮ ಪ್ಯಾಕೇಜಿನಲ್ಲಿ ಎಲ್ಲೂ ಹೆಸರಿಲ್ಲದ,
ಅದನ್ನು ಬರೆದವನು